ಮೊಲ ಬಿಟ್ಟು ಬಂದ ನಾಯಿ

“ಹೆಮ್ಮೆ ಪಡುವುದು ತಪ್ಪೇ?” ಎಂದು ಶಿಷ್ಯನೊಬ್ಬ ತನ್ನ ಗುರುವನ್ನು ಕೇಳಿದ.

ಗುರುಗಳು ಅವನನ್ನು ಕೂರಿಸಿಕೊಂಡು, ಏನಾಯಿತೆಂದು ವಿಚಾರಿಸಿದರು. ಶಿಷ್ಯ ಹೇಳಿದ. ಮಠಕ್ಕೆ ಒಬ್ಬ ನೇಕಾರ ಬರುತ್ತಿದ್ದ. ಅವನಿಗೆ ಮಾತು ತೊದಲುತ್ತಿತ್ತು. ಅವನಿಗೆ ಓದು ಹತ್ತುವುದಿಲ್ಲವೆಂದು ಉಳಿದವರೆಲ್ಲ ಕೈಬಿಟ್ಟಿದ್ದರು. ಈ ಶಿಷ್ಯನೇ ಅವನನ್ನು ಹತ್ತಿರ ಕೂರಿಸಿಕೊಂಡು ಬೆಳಗೂ ಬೈಗೂ ಓದಿಸಿದ್ದ. ನಿನ್ನೆ ತುಂಬಿದ ಸಭೆಯಲ್ಲಿ ನೇಕಾರ ಎದ್ದು ನಿಂತು, ಎಲ್ಲೂ ಎಡವದೆ ಒಂದು ಅಧ್ಯಾಯವನ್ನು ಪೂರ್ತಿ ಓದಿದ. ಶಿಷ್ಯನ ಎದೆ ತುಂಬಿ ಬಂತು. ಬೆಳಗಾದರೂ ಆ ಹಿಗ್ಗು ಇಳಿದಿರಲಿಲ್ಲ. ಅಹಂಕಾರ ಬಿಡಬೇಕೆಂದು ಇಷ್ಟು ವರ್ಷ ಕೇಳಿಕೊಂಡು ಬಂದವನಿಗೆ ಈಗ ಅಂಜಿಕೆ ಹತ್ತಿತ್ತು.

ಗುರುಗಳು ತಪ್ಪೆಂದೂ ಹೇಳಲಿಲ್ಲ, ಸರಿಯೆಂದೂ ಹೇಳಲಿಲ್ಲ. ಒಂದು ಕತೆ ಹೇಳಿದರು.

ಬಯಲುಸೀಮೆಯಲ್ಲಿ ಒಬ್ಬ ಕುರುಬನಿದ್ದ. ಅವನಿಗೆ ಒಂದು ಸಣ್ಣ ಹಿಂಡು, ಹಿಂಡಿನ ಜೊತೆಗೇ ಊರೂರು ತಿರುಗುವ ಹೆಂಡತಿ, ಒಂದು ಮುದಿ ನಾಯಿ. ಆ ವರ್ಷ ನಾಯಿ ಸತ್ತಿತು. ತೋಳಗಳಿಗೆ ಅದು ಹೇಗೆ ತಿಳಿಯಿತೋ ಏನೋ, ಕೆಲವೇ ದಿನಗಳಲ್ಲಿ ಹಿಂಡಿನ ಸುತ್ತ ಸುಳಿಯತೊಡಗಿದವು. ಕುರುಬ ಹಗಲು ಕುರಿ ಕಾದು, ಇರುಳು ತೋಳ ಕಾದು ಸೊರಗಿದ. ಒಳ್ಳೆಯ ನಾಯಿಗಾಗಿ ಹತ್ತು ಕಡೆ ಕೇಳಿದ. ಯಾರೂ ಕೊಡಲಿಲ್ಲ.

ಆ ಸೀಮೆಯ ದೇಸಾಯಿಗೆ ಬೇಟೆಯ ಹುಚ್ಚು. ಅವನ ವಾಡೆಯ ಹಿಂದೆ ಬೇಟೆನಾಯಿಗಳದೇ ಒಂದು ಸಾಲು ಇತ್ತು. ಅವುಗಳಲ್ಲಿ ಒಂದು ಹೆಣ್ಣು ನಾಯಿ. ಉದ್ದ ಕಾಲು, ಬಳುಕುವ ನಡು. ಜಿಂಕೆಯ ಹಾಗೆ ಓಡುತ್ತದೆಂದು ಅದಕ್ಕೆ ಚಿಗರಿ ಎಂದು ಹೆಸರಿಟ್ಟಿದ್ದರು. ಓಟದಲ್ಲಿ ಅದನ್ನು ಮೀರಿಸುವ ನಾಯಿ ಆ ಸಾಲಿನಲ್ಲಿ ಇರಲಿಲ್ಲ. ಆದರೆ ಒಮ್ಮೆ ಬಿಟ್ಟರೆ ಮುಗಿಯಿತು, ಎಷ್ಟು ಕರೆದರೂ ಬರುತ್ತಿರಲಿಲ್ಲ. ಬೇಟೆ ಮುಗಿದು ಎಲ್ಲರೂ ವಾಡೆ ಸೇರಿದ ಮೇಲೂ ಅದು ಬಯಲಲ್ಲೇ ಸುತ್ತುತ್ತಿತ್ತು. ಹಸಿವು ತಡೆಯಲಾರದೆ ಬಾಗಿಲ ಹತ್ತಿರ ಬಂದಾಗ ಆಳುಗಳು “ಬಾ, ಬಾ” ಎಂದು ನಯವಾಗಿ ಕರೆದು, ಕೊರಳಪಟ್ಟಿ ಕೈಗೆ ಸಿಕ್ಕ ಕೂಡಲೇ ಬಾರುಕೋಲಿನಿಂದ ಬಾರಿಸುತ್ತಿದ್ದರು. ಬಾರಿಸಿದಷ್ಟೂ ಅದು ಮುಂದಿನ ಸಲ ಇನ್ನಷ್ಟು ತಡವಾಗಿ ಬರುತ್ತಿತ್ತು. ಕೊನೆಗೆ ದೇಸಾಯಿ ಬೇಸತ್ತು ಅದನ್ನು ಕೊಂದುಹಾಕಲು ಹೇಳಿದ.

ಹಬ್ಬಕ್ಕೆ ಟಗರು ಒಪ್ಪಿಸಲು ಹೋಗಿದ್ದ ಕುರುಬ ಆ ದಿನ ವಾಡೆಯಲ್ಲೇ ಇದ್ದ. ಕಂಬಕ್ಕೆ ಬಿಗಿದ ನಾಯಿಯನ್ನು ಕಂಡ. ಬೆನ್ನ ಮೇಲೆ ಬಾಸುಂಡೆ ಎದ್ದಿದ್ದರೂ ಅದು ತಲೆ ತಗ್ಗಿಸಿರಲಿಲ್ಲ. ಬಾಗಿಲಾಚೆಯ ಬಯಲನ್ನೇ ನೋಡುತ್ತಿತ್ತು. ಅವನಿಗೆ ಅದು ಹಿಡಿಸಿತು. ಕೊಲ್ಲುವ ನಾಯಿಯನ್ನು ತನಗೆ ಕೊಡಿರೆಂದು ಕೈಮುಗಿದು ಕೇಳಿದ. ದೇಸಾಯಿ ನಕ್ಕ. ಒಯ್ಯುವುದಾದರೆ ಒಯ್ಯಿ, ಆದರೆ ಹಗ್ಗ ಬಿಚ್ಚಿದ ದಿನ ಅದು ನಿನ್ನದಲ್ಲ ಎಂದ.

ಕುರುಬ ಅದನ್ನು ಹಟ್ಟಿಗೆ ತಂದು ಗೂಟಕ್ಕೆ ಕಟ್ಟಿದ. ಕಟ್ಟಿದ ನಾಯಿಯಿಂದ ಕುರಿ ಕಾಯಿಸಲಾಗದು. ಬಿಟ್ಟರೆ ಹೋಗಿಬಿಡುತ್ತದೆ. ಮೊದಲು ಕರೆದಾಗ ಬರುವುದನ್ನು ಕಲಿಸಬೇಕು. ಅವನು ಉದ್ದನೆಯ ಹಗ್ಗ ಕಟ್ಟಿ, ದೂರ ನಿಂತು “ಬಾ” ಎಂದ. ನಾಯಿ ಹೊಟ್ಟೆಯನ್ನು ನೆಲಕ್ಕೆ ಒತ್ತಿ ಮಲಗಿತು. ಅವನು ಗದರಿಸಿದ. ಅದು ಕಣ್ಣು ಮುಚ್ಚಿತು. ಹಗ್ಗ ಜಗ್ಗಿ ಎಳೆದ. ನಾಲ್ಕೂ ಕಾಲು ನೆಲಕ್ಕೆ ಊರಿ, ಕೊರಳು ಬಿಗಿದರೂ ಬರಲಿಲ್ಲ. ದಿನಗಟ್ಟಲೆ ಹೀಗೇ ನಡೆಯಿತು. ಕುರುಬನ ಕೈಯ ಚರ್ಮ ಸುಲಿಯಿತು, ನಾಯಿಯ ಕೊರಳೂ ಸುಲಿಯಿತು.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಾ ಹೆಂಡತಿ ಇದನ್ನೆಲ್ಲ ನೋಡುತ್ತಿದ್ದಳು. ಒಂದು ದಿನ ಹೇಳಿದಳು:

“ಅದಕ್ಕ ‘ಬಾ’ ಅಂದ್ರ ಬಡಿತ ಅಂತ ಅರ್ಥ ಆಗೇತಿ. ಆ ಮಾತು ಹಾಳಾತು, ಬಿಡ್ರಿ. ಬ್ಯಾರೆ ಒಂದು ಮಾತು ಹುಡುಕ್ರಿ.”

“ಯಾವ ಮಾತು?”

“ಯಾವ ಮಾತಂದು ಯಾರೂ ಅದನ್ನ ಬಡದಿಲ್ಲೋ, ಅದು.”

ಕುರುಬ ಹಗ್ಗ ಕೆಳಗಿಟ್ಟು ಯೋಚಿಸಿದ. ಹಿಂಡಿನ ಹಿಂದೆ ನಡೆಯುತ್ತಾ ಯೋಚಿಸಿದ. ಊಟಕ್ಕೆ ಕೂತಾಗ ಹೆಂಡತಿ ರೊಟ್ಟಿ ಹಿಡಿದು “ತಗೋರಿ” ಎಂದಳು. ಆಗ ಅವನಿಗೆ ಹೊಳೆಯಿತು. ಒಂದು ತುಂಡು ಮುರಿದು, ನಾಯಿಯ ಮೂತಿಯ ಹತ್ತಿರ ಹಿಡಿದು, ಮೆಲ್ಲಗೆ “ತಗೋ” ಎಂದ. ನಾಯಿ ಅವನ ಮುಖ ನೋಡಿತು, ಕೈ ನೋಡಿತು. ಬಹಳ ಹೊತ್ತಿನ ಮೇಲೆ ತೆಗೆದುಕೊಂಡಿತು.

ಅಂದಿನಿಂದ ಅದೇ ಅವರ ಮಾತಾಯಿತು. ಮೊದಲು ಕೈಯಳತೆಯಲ್ಲಿ. ಆಮೇಲೆ ಗುಡಿಸಲಿನ ಈ ಬದಿಯಿಂದ ಆ ಬದಿಗೆ. ಆಮೇಲೆ ಹಟ್ಟಿಯ ಬೇಲಿಯಾಚೆಯಿಂದ. ಅವನು ಕುಕ್ಕರಗಾಲಲ್ಲಿ ಕೂತು “ತಗೋ” ಎನ್ನುವನು, ನಾಯಿ ಬರುವುದು, ರೊಟ್ಟಿ ತಿನ್ನುವುದು, ಅವನು ಕಿವಿಯ ಹಿಂದೆ ತುರಿಸಿ ಮತ್ತೆ ಹೋಗಲು ಬಿಡುವನು. ಬಂದ ಪ್ರತಿ ಸಲವೂ ಬಿಡುವನು. ಉಣ್ಣಿ ಬಿಡಿಸುವಾಗಲೋ ಮುಳ್ಳು ಕೀಳುವಾಗಲೋ ನಾಯಿಗೆ ನೋಯುತ್ತದೆ. ಅಂಥ ಕೆಲಸಕ್ಕೆ ಅವನು ಅದನ್ನು ಕರೆಯುತ್ತಿರಲಿಲ್ಲ, ತಾನೇ ಎದ್ದು ಅದು ಇದ್ದಲ್ಲಿಗೆ ಹೋಗುತ್ತಿದ್ದ. ಇರುಳು ಕಟ್ಟಿಹಾಕುವಾಗಲೂ ಹಾಗೇ. ಅದು ಇಲಿಯ ಬಿಲ ಕೆದಕುತ್ತಾ ಮೈಮರೆತಿದ್ದರೆ, ಈಗ ಕರೆದರೆ ಬರಲಿಕ್ಕಿಲ್ಲ ಎಂದು ತೋರಿದರೆ, ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ಕಾಯುತ್ತಿದ್ದ. ಆ ಒಂದು ಮಾತು ಎಂದೂ ಸುಳ್ಳಾಗಬಾರದೆಂದು ಅವನು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದ. ಉಳಿದ ಕುರುಬರು ನಗುತ್ತಿದ್ದರು. ನಾಯಿಯನ್ನು ಇವನು ಸಾಕುತ್ತಿದ್ದಾನೋ, ಇವನನ್ನು ನಾಯಿ ಸಾಕುತ್ತಿದೆಯೋ ಎಂದು ಹಟ್ಟಿಯಿಂದ ಹಟ್ಟಿಗೆ ಆಡಿಕೊಂಡರು.

ಕೊನೆಗೊಂದು ಬೆಳಗ್ಗೆ ಅವನು ಹಗ್ಗ ಬಿಚ್ಚಿದ. ನಾಯಿ ಒಮ್ಮೆ ಮೈ ಕೊಡವಿ, ಬಯಲಿಗೆ ನೆಗೆದು, ಕಣ್ಣಿಗೆ ಕಾಣದಷ್ಟು ದೂರ ಓಡಿತು. ಕುರುಬನಿಗೆ ದೇಸಾಯಿಯ ಮಾತು ನೆನಪಾಯಿತು. ಆದರೂ ಕೂಗಲಿಲ್ಲ. ಅದು ಓಡಿ ಓಡಿ ದಣಿದು, ದಿಣ್ಣೆಯ ಮೇಲೆ ನಿಂತು ಹಿಂತಿರುಗಿ ನೋಡಿದಾಗ, ಕುಕ್ಕರಗಾಲಲ್ಲಿ ಕೂತು ಕರೆದ. ಬಂತು.

ಕಷ್ಟದ ದಿನ ಬಂದದ್ದು ಆಮೇಲೆ. ಒಂದು ಮಧ್ಯಾಹ್ನ ಕುರಿ ಮೇಯುತ್ತಿದ್ದಾಗ ಪೊದೆಯಿಂದ ಮೊಲವೊಂದು ಎದ್ದಿತು. ಚಿಗರಿ ಅದರ ಹಿಂದೆ ಹೋಯಿತು. ಕಾವಲಿಲ್ಲದ ಆ ಹೊತ್ತಿನಲ್ಲೇ ತೋಳ ಬಂದು ಒಂದು ಮರಿಯನ್ನು ಎತ್ತಿಕೊಂಡು ಹೋಯಿತು. ತಾಯಿಯಿಲ್ಲದ ಮರಿ ಅದು. ಕುರುಬನ ಹೆಂಡತಿ ಅದಕ್ಕೆ ಬಟ್ಟೆಯ ತುದಿ ಅದ್ದಿ ಹಾಲು ಕುಡಿಸಿ ಬೆಳೆಸಿದ್ದಳು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಕೂತಳು. ಸುದ್ದಿ ಕೇಳಿ ಅಕ್ಕಪಕ್ಕದ ಹಿಂಡಿನವರೂ ಬಂದು ಸೇರಿದರು.

ಹೊತ್ತು ಬಹಳ ಇಳಿದ ಮೇಲೆ ಚಿಗರಿ ಬರುವುದು ಕಾಣಿಸಿತು. ನಾಲಿಗೆ ಜೋತುಬಿದ್ದಿತ್ತು. ಬಾಲ ಅಲ್ಲಾಡುತ್ತಿತ್ತು. ಏನಾಗಿದೆಯೆಂದು ಅದಕ್ಕೇನು ಗೊತ್ತು? ಕುರುಬನಿಗೆ ಕಣ್ಣು ಕತ್ತಲಿಟ್ಟಿತು. ಕೈಯಲ್ಲಿ ಕುರಿ ಅಟ್ಟುವ ಕೋಲು ಇತ್ತು. ಸುತ್ತ ನಿಂತವರು ಈಗ ಬಿಡಬೇಡ, ಎರಡು ಬಿಗಿ, ಬುದ್ಧಿ ಬರುತ್ತದೆ ಎನ್ನುತ್ತಿದ್ದರು. ನಾಯಿ ಸ್ವಲ್ಪ ದೂರದಲ್ಲಿ ನಿಂತಿತು. ಕೋಲು ನೋಡಿತು. ಬಾಲ ನಿಂತಿತು. ಹೊಟ್ಟೆ ನಿಧಾನವಾಗಿ ನೆಲಕ್ಕೆ ಇಳಿಯತೊಡಗಿತು. ಮೊದಲ ದಿನಗಳಲ್ಲಿ “ಬಾ” ಎಂದರೆ ನೆಲಕ್ಕೆ ಒತ್ತಿಕೊಳ್ಳುತ್ತಿದ್ದ ನಾಯಿ ಅವನ ಕಣ್ಣೆದುರೇ ಮರಳಿ ಬರುತ್ತಿತ್ತು.

ಕುರುಬ ಕೋಲನ್ನು ದೂರ ಎಸೆದ. ಕುಕ್ಕರಗಾಲಲ್ಲಿ ಕೂತ. ಆ ಮಾತು ಹೇಳಿ, ತನ್ನ ಬುತ್ತಿಯಲ್ಲಿ ಉಳಿದಿದ್ದ ರೊಟ್ಟಿಯನ್ನು ಹಿಡಿದ. ಚಿಗರಿ ಬಂದು ತಿಂದಿತು. ಅವನು ಎಂದಿನಂತೆ ಕಿವಿಯ ಹಿಂದೆ ತುರಿಸಿದ. ಸೇರಿದ ಜನ ಇವನಿಗೆ ತಲೆ ಕೆಟ್ಟಿದೆಯೆಂದು ಹೊರಟುಹೋದರು. ಹೆಂಡತಿ ಆ ಸಂಜೆ ಅವನೊಡನೆ ಮಾತಾಡಲಿಲ್ಲ. ಮರುದಿನ ಬೆಳಗ್ಗೆ ಮಾತ್ರ ಎರಡು ರೊಟ್ಟಿ ಹೆಚ್ಚು ಬಡಿದು ಅವನ ಬುತ್ತಿಗೆ ಸೇರಿಸಿದಳು.

ಕಾಲ ಕಳೆಯಿತು. ಚಿಗರಿ ಹಿಂಡಿನ ಒಂದೊಂದು ಕುರಿಯನ್ನೂ ಗುರುತು ಹಿಡಿಯುವಂತಾಯಿತು. ತೋಳಗಳು ಆ ಕಡೆ ಬರುವುದನ್ನು ಬಿಟ್ಟವು.

ಆ ಬಯಲಿನ ನಡುವೆ ಒಂದು ಹಳ್ಳ ಹರಿದು ನೆಲವನ್ನು ಆಳವಾಗಿ ಕೊರೆದಿತ್ತು. ದಂಡೆಯ ಉದ್ದಕ್ಕೂ ಎದೆಮಟ್ಟ ಹುಲ್ಲು. ಹತ್ತಿರ ಹೋಗುವವರೆಗೂ ಅಲ್ಲೊಂದು ಕೊರಕಲು ಇದೆಯೆಂದೇ ತಿಳಿಯುತ್ತಿರಲಿಲ್ಲ. ಕೆಳಗೆ ಬರೀ ಬಂಡೆ. ಕುರುಬರಿಗೆ ಅದು ಗೊತ್ತಿತ್ತು. ಹಿಂಡನ್ನು ಅತ್ತ ಬಿಡುತ್ತಿರಲಿಲ್ಲ.

ಒಂದು ಬೆಳಗ್ಗೆ ದೇಸಾಯಿಯ ಬೇಟೆ ಆ ಕಡೆಗೆ ಬಂತು. ಮುಂದೆ ನಾಯಿಗಳು, ಹಿಂದೆ ಕುದುರೆಗಳು. ಎಲ್ಲಕ್ಕೂ ಮುಂದೆ ಒಂದು ಮೊಲ. ಕುರುಬ ದಿಣ್ಣೆಯ ಮೇಲೆ ನಿಂತಿದ್ದ. ಹೆಂಡತಿ, ಹಿಂಡು, ಬುತ್ತಿ ಎಲ್ಲ ಇನ್ನೊಂದು ಮಗ್ಗುಲಲ್ಲಿ ಇದ್ದವು. ಕಾಲ ಬಳಿ ಕೂತಿದ್ದ ಚಿಗರಿ ಮೊಲ ಕಂಡದ್ದೇ ತಡ, ಬಿಲ್ಲಿನಿಂದ ಬಿಟ್ಟ ಬಾಣದ ಹಾಗೆ ಹೊರಟಿತು. ದೇಸಾಯಿಯ ನಾಯಿಗಳನ್ನು ಒಂದೊಂದಾಗಿ ಹಿಂದೆ ಹಾಕಿ ಎಲ್ಲದರ ಮುಂದೆ ಬಂತು. ಹಾಗೆ ಓಡುವುದನ್ನು ಕಂಡು ಕುರುಬನ ಮೈ ಜುಮ್ಮೆಂದಿತು. ಆಮೇಲೆ ಮೊಲ ಎತ್ತ ತಿರುಗಿತೆಂದು ನೋಡಿದ. ಅದು ನೇರ ಕೊರಕಲಿನ ಕಡೆಗೆ ಹೋಗುತ್ತಿತ್ತು. ಮೊಲಕ್ಕೆ ಜಾಗ ಗೊತ್ತು. ಅಂಚಿನವರೆಗೆ ಹೋಗಿ ಪಕ್ಕಕ್ಕೆ ಜಾರುತ್ತದೆ. ಆ ವೇಗದಲ್ಲಿ ಬಂದ ನಾಯಿ ನಿಲ್ಲಲಾರದು.

ಕುದುರೆಯವರಿಗೂ ಆಗ ತಿಳಿಯಿತು. ನಾಯಿಗಳ ಹೆಸರು ಹಿಡಿದು ಕೂಗಿದರು, ಕೊಂಬು ಊದಿದರು, ಬೈದರು. ಒಂದೂ ಕಿವಿ ತಿರುಗಿಸಲಿಲ್ಲ.

ಕುರುಬನ ಬಾಯಿಗೆ ಆ ಮಾತು ಬಂದು ನಿಂತಿತು. ಬೇಟೆಯ ಬೆನ್ನು ಹತ್ತಿದಾಗ ಅವನು ಅದನ್ನು ಎಂದೂ ಕರೆದಿರಲಿಲ್ಲ. ಈಗ ಕರೆದು ಅದು ಬಾರದಿದ್ದರೆ ಇಷ್ಟು ದಿನ ಕಾದ ಮಾತೂ ಹೋಯಿತು, ನಾಯಿಯೂ ಹೋಯಿತು. ಕೈಯಲ್ಲಿ ಒಂದು ಚೂರು ರೊಟ್ಟಿಯೂ ಇರಲಿಲ್ಲ. ಅವನು ಕೂತ. ದಿನವೂ ಹಟ್ಟಿಯ ಬೇಲಿಯಿಂದ ಕರೆಯುವ ಅದೇ ದನಿಯಲ್ಲಿ, ಅದನ್ನೇ ಎತ್ತರಿಸಿ, ಒಂದೇ ಸಲ ಕರೆದ.

“ತಗೋ.”

ಮೊಲ ಚಿಗರಿಯ ಬಾಯಿಗೆ ಒಂದು ಮೊಳ ದೂರವಿತ್ತು. ನಾಯಿಯ ಕಿವಿ ಹಿಂದಕ್ಕೆ ಮಡಚಿಕೊಂಡಿತು. ಓಡುತ್ತಿದ್ದ ಮೈ ನಡುವಿನಲ್ಲೇ ಬಾಗಿತು. ಮುಂಗಾಲು ನೆಲ ಕಿತ್ತವು, ಹುಲ್ಲು ಹಾರಿತು, ಅದು ಧೂಳಿನಲ್ಲಿ ಉರುಳಿ ಎದ್ದು ಮುಖ ತಿರುಗಿಸಿತು. ಮೊಲವನ್ನು ಮತ್ತೆ ನೋಡಲಿಲ್ಲ. ಬಯಲನ್ನು ಸೀಳಿಕೊಂಡು ದಿಣ್ಣೆಯ ಕಡೆಗೆ, ಕೂತಿದ್ದ ಕುರುಬನ ಕಡೆಗೆ, ಹೋದದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಬಂತು. ಹಿಂದೆ ಬರುತ್ತಿದ್ದ ನಾಯಿಗಳಲ್ಲಿ ಕೆಲವು ಅದು ತಿರುಗಿದ್ದನ್ನು ಕಂಡು ತಬ್ಬಿಬ್ಬಾಗಿ ನಿಂತವು. ಎರಡು ನಿಲ್ಲಲಿಲ್ಲ. ಹುಲ್ಲಿನೊಳಗೆ ಹೋದವು, ಆಮೇಲೆ ಕಾಣಲಿಲ್ಲ. ಅವುಗಳಲ್ಲೊಂದು ದೇಸಾಯಿ ತನ್ನ ತಟ್ಟೆಯಿಂದಲೇ ತುತ್ತು ಕೊಟ್ಟು ಬೆಳೆಸಿದ್ದು.

ಚಿಗರಿ ಬಂದು ಕುರುಬನ ಬೊಗಸೆಗೆ ಮೂತಿ ಇಟ್ಟಿತು. ಬೊಗಸೆ ಬರಿದಾಗಿತ್ತು. ಅದು ಬರಿಗೈಯನ್ನೇ ನೆಕ್ಕಿತು. ಕುರುಬ ಎರಡೂ ಮೊಣಕಾಲು ಊರಿ, ಅದರ ಹಣೆಗೆ ತನ್ನ ಹಣೆ ಹಚ್ಚಿದ.

ದೇಸಾಯಿ ಕುದುರೆ ಏರಿ ಬಂದಾಗ ಅವನು ಹಾಗೇ ಕೂತಿದ್ದ. ದೇಸಾಯಿ ಬಂದರೆ ಎದ್ದು, ಹೆಗಲ ಕಂಬಳಿ ತೆಗೆದು, ತಲೆ ಬಾಗಿಸಿ ನಿಲ್ಲುವುದು ಆ ಸೀಮೆಯ ರೂಢಿ. ಆಳೊಬ್ಬ ಎದ್ದೇಳೋ ಎಂದು ಗದರಿಸಿದ. ದೇಸಾಯಿ ಕೈಯೆತ್ತಿ ಅವನನ್ನು ತಡೆದ. ದೇಸಾಯಿಯ ಮುಖದಲ್ಲಿ ರಕ್ತವಿರಲಿಲ್ಲ. ಕೊರಕಲಿನ ಕಡೆಗೆ ಒಮ್ಮೆ ನೋಡಿ, ಈ ನಾಯಿಯನ್ನು ನೋಡಿ ಕೇಳಿದ:

“ನನ್ನ ನಾಯಿ ಹಾಲು, ಮಾಂಸ ತಿಂದು ಬೆಳದಾವು. ಒಂದೂ ಕೇಳಲಿಲ್ಲ. ಇದಕ್ಕ ಏನ್ ಹಾಕಿ ಕಲಿಸಿದಿ?”

ಕುರುಬ ಎದ್ದು ನಿಂತ. ಅವನ ಒಂದು ಕೈ ನಾಯಿಯ ತಲೆಯ ಮೇಲೇ ಇತ್ತು. ಜೀವಮಾನದಲ್ಲಿ ಮೊದಲ ಸಲ ಅವನು ದೇಸಾಯಿಯ ಮುಖ ನೋಡಿ ಮಾತಾಡಿದ.

“ರೊಟ್ಟಿ ಹಾಕೀನ್ರಿ, ಧಣಿ. ಇವತ್ತ ಕೈಯಾಗ ಅದೂ ಇರಲಿಲ್ಲ. ಬಾಯಿಗೆ ಬಂದ ಮೊಲ ಬಿಟ್ಟು ಬಂದಾಳ ನೋಡ್ರಿ ಈಕಿ. ನನ್ನ ಯಾರರೇ ಕರದಿದ್ರ, ನಾ ಅಷ್ಟು ಬಿಟ್ಟು ಬರತಿದ್ದಿಲ್ಲ.”

ದೇಸಾಯಿ ಸತ್ತ ನಾಯಿಯನ್ನು ಮೇಲೆ ತರಿಸಿ, ತನ್ನ ಶಾಲು ಹೊದಿಸಿ, ಕುದುರೆಯ ಮುಂದೆ ಹಾಕಿಕೊಂಡು ಹೊರಟುಹೋದ. ಇನ್ನೊಂದು ನಾಯಿ ಕಾಲು ಮುರಿದುಕೊಂಡು ಬದುಕಿತ್ತು. ಅದನ್ನು ಆಳುಗಳು ಕಂಬಳಿಯಲ್ಲಿ ಎತ್ತಿ ಒಯ್ದರು. ವಾಡೆಯಲ್ಲಿ ಮತ್ತೆ ಬಾರುಕೋಲು ಎದ್ದಿತೋ ಇಲ್ಲವೋ, ಕುರುಬನಿಗೆ ತಿಳಿಯಲಿಲ್ಲ.

ಆ ದಿನ ಅವನು ಹಟ್ಟಿಗೆ ಬಂದ ಬಗೆಯನ್ನು ಕಂಡವರು ಬಹಳ ದಿನ ನೆನೆದರು. ನಾಯಿ ಮುಂದೆ, ಅವನು ಹಿಂದೆ. ರಾಜನ ಆನೆಯನ್ನು ನಡೆಸಿಕೊಂಡು ಬರುವವನ ಠೀವಿ. ಹೆಂಡತಿ ಎದುರಿಗೆ ಬಂದಾಗ ಅತ್ತುಬಿಟ್ಟ. ಅವಳು ಗಾಬರಿಯಾಗಿ ಏನಾಯಿತೆಂದು ಕೇಳಿ, ಎಲ್ಲ ತಿಳಿದ ಮೇಲೆ ಒಲೆ ಹೊತ್ತಿಸಿ, ಚಿಗರಿಗೆಂದೇ ಬಿಸಿ ರೊಟ್ಟಿ ಬಡಿದು, ಕುರಿಹಾಲಿನಲ್ಲಿ ನೆನೆಸಿ ತನ್ನ ಕೈಯಿಂದ ತಿನ್ನಿಸಿದಳು. ಮರಿ ಹೋದ ದಿನದಿಂದ ಅವಳು ಅದನ್ನು ಮುಟ್ಟಿರಲಿಲ್ಲ.

ಆಮೇಲೆ ಕುರುಬ ಹೋದಲ್ಲೆಲ್ಲ ಇದೇ ಕತೆ. ಯಾವ ಊರ ಹೊಲದಲ್ಲಿ ಹಿಂಡು ತರುಬಿದರೂ, ಯಾವ ಬಾವಿಯ ಕಟ್ಟೆಯಲ್ಲಿ ಕೂತರೂ, ಹೊಸಬರು ಸಿಕ್ಕರೆ ಸಾಕು, ಶುರುಮಾಡುತ್ತಿದ್ದ. ಚಿಗರಿ ಹೇಗೆ ಓಡಿತು, ಎಷ್ಟು ನಾಯಿಗಳನ್ನು ಹಿಂದೆ ಹಾಕಿತು, ಮೊಲ ಎಷ್ಟು ಹತ್ತಿರವಿತ್ತು, ಕಿವಿ ಹೇಗೆ ಮಡಚಿಕೊಂಡಿತು. ಎದ್ದು ನಿಂತು, ಮೈ ಬಾಗಿಸಿ, ಅದು ತಿರುಗಿದ್ದನ್ನು ತಾನೇ ಮಾಡಿ ತೋರಿಸುತ್ತಿದ್ದ. ಕೇಳಿದವರು, ಅದು ಸರಿ, ಅದನ್ನು ಕರೆದವರು ಯಾರು ಎಂದು ಕೇಳಬೇಕಾಗುತ್ತಿತ್ತು. ನಾನೇ ಅನ್ನಿ ಎಂದು ಹೇಳಿ, ಅವನು ಮತ್ತೆ ನಾಯಿ ಧೂಳಿನಿಂದ ಎದ್ದ ಜಾಗಕ್ಕೆ ಹೋಗುತ್ತಿದ್ದ. ಕೆಲವರು ಬೇಸರಪಟ್ಟರು. ಕೆಲವರು ಇವನ ಜಂಬ ನೋಡಿ ನಕ್ಕರು. ಅವನಿಗೆ ಅದರ ಪರಿವೆಯಿರಲಿಲ್ಲ.

ಚಿಗರಿ ಮುದಿಯಾಯಿತು. ಕಿವಿ ಮಂದವಾಯಿತು. ಕರೆದರೆ ಕೇಳುತ್ತಿರಲಿಲ್ಲ. ಆಗ ಅವನೇ ರೊಟ್ಟಿ ಹಿಡಿದು ಅದು ಮಲಗಿದ್ದಲ್ಲಿಗೆ ಹೋಗುತ್ತಿದ್ದ. ಮೂತಿಯ ಹತ್ತಿರ ಕೈ ಹಿಡಿದು ಆ ಮಾತನ್ನೂ ಹೇಳುತ್ತಿದ್ದ, ಕೇಳಿಸದಿದ್ದರೂ. ಅದು ಹೋದ ಮೇಲೂ ಅವನು ಕತೆ ಹೇಳುವುದನ್ನು ಬಿಡಲಿಲ್ಲ. ಆ ಬಯಲಿನಲ್ಲಿ ಅವನ ಹೆಸರು ಯಾರಿಗೂ ನೆನಪಿಲ್ಲ. ಚಿಗರಿಯ ಹೆಸರು ಈಗಲೂ ಇದೆ.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು.

ಶಿಷ್ಯನ ಮುಖ ಅರಳಿತ್ತು. ಎದೆಯ ಭಾರ ಇಳಿದವನಂತೆ ಉಸಿರು ಬಿಟ್ಟು, ದಿಣ್ಣೆಯ ಮೇಲೆ ಕೂತು ಕರೆದ ಆ ಗಳಿಗೆಯಲ್ಲಿ ಕುರುಬನಿಗೆ ಎಂಥ ಹೆಮ್ಮೆಯಾಗಿರಬೇಕು ಎಂದ. ಹಾಗಾದರೆ ತನ್ನ ಹೆಮ್ಮೆಯೂ ತಪ್ಪಲ್ಲ ತಾನೇ ಎಂದು ಕೇಳಿದ.

ಗುರುಗಳು ಅವನನ್ನು ನೋಡಿ ಹೇಳಿದರು:

“ನಾಯಿ ಮೊಲ ಬಿಟ್ಟು ಓಡಿ ಬರುತ್ತಿತ್ತಲ್ಲ, ಆಗ ಕುರುಬ ನೋಡುತ್ತಿದ್ದದ್ದು ನಾಯಿಯನ್ನು. ನಿನ್ನೆ ನೇಕಾರ ಓದುತ್ತಿದ್ದಾಗ ನೀನು ಯಾರನ್ನು ನೋಡುತ್ತಿದ್ದೆ?”